ಕಾಗದದ ಪಾತ್ರಪಟವೋ ಮೊಬೈಲ್ ಆ್ಯಪೋ?

ಪ್ರಶ್ನೆ: ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಿಗೆ, ಪಾತ್ರದ ವಿವರ ದಾಖಲಿಸಲು ಯಾವ ಆ್ಯಪ್ ಸೂಕ್ತ?

ಉತ್ತರ: ವೇಷವಿಲ್ಲದೆ, ಕುಳಿತಲ್ಲಿಂದಲೇ, ಆಶುವಾದ ಮಾತಿನಿಂದ ಪಾತ್ರವನ್ನು ಕಟ್ಟುವ ತಾಳಮದ್ದಳೆಯು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಚಿರಪರಿಚಿತವಾಗಿರುವುದರಿಂದ ಇಂಥ ಆಟದ ತಿರುಳು ಇಲ್ಲಿನವರಿಗೆ ಅಪರಿಚಿತವೆನಿಸದು, ಆದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಪ್ರಸಂಗದ ಪದ್ಯವು ದಾರಿ ತೋರಿದರೆ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದಲ್ಲಿ ಪಾತ್ರದ ಸಾಹಸ ಫಲಿಸುವುದೋ ಇಲ್ಲವೋ ಎಂಬುದನ್ನು ದಾಳವು ನಿರ್ಣಯಿಸುತ್ತದೆ. ಬಲ, ಚುರುಕು, ಬುದ್ಧಿ ಮೊದಲಾದ ಆರು ಗುಣಗಳ ಅಂಕಗಳನ್ನೂ ಆಯುಧ, ಮಂತ್ರಗಳ ವಿವರವನ್ನೂ ಬರೆದಿಡುವ ಹಾಳೆಯೇ ಪಾತ್ರಪಟ. ಬಲವು 16 ಆಗಿದ್ದರೆ ಅದರಿಂದ 10 ಕಳೆದು, ಉಳಿದುದನ್ನು ಅರ್ಧಿಸಿ, ದೊರೆತ 3ನ್ನು ದಾಳದ ಅಂಕಕ್ಕೆ ಕೂಡಿಸಬೇಕು. ಆ್ಯಪ್ ಮಾಡುವ ಮುಖ್ಯ ಉಪಕಾರವೆಂದರೆ ಇಂಥ ಲೆಕ್ಕಗಳನ್ನು ತಾನೇ ಮಾಡಿಕೊಡುವುದು.

ಈ ಆಟಕ್ಕೆ 2017ರಲ್ಲಿ ಆರಂಭವಾದ ‘ಡಿ ಆ್ಯಂಡ್ ಡಿ ಬಿಯಾಂಡ್’ ಅಧಿಕೃತ ಸಾಧನವಾಗಿದ್ದು, ಮೂಲ ನಿಯಮಗಳ ಮಟ್ಟಿಗೆ ಉಚಿತವಾಗಿದೆ. ‘ಪಾತ್‌ಫೈಂಡರ್’ ಎಂಬ ಇದೇ ಬಗೆಯ ಆಟವನ್ನು ಆಡುವವರಿಗೆ ‘ಪಾತ್‌ಬಿಲ್ಡರ್’ ಇದೆ. ಘಟ್ಟದ ಬುಡದ ಊರುಗಳಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ನೆಟ್‌ವರ್ಕ್ ಕೈಕೊಡಬಹುದಾದ್ದರಿಂದ, ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ಆ್ಯಪನ್ನು ಆರಿಸುವುದು ಅಥವಾ ಪಾತ್ರಪಟವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳುವುದು ಲೇಸು. ಹೊಸಬರು ಮೊದಲ ಪಾತ್ರವನ್ನಾದರೂ ಕಾಗದದ ಮೇಲೆ ಕೈಯಾರೆ ಬರೆಯಬೇಕು, ಏಕೆಂದರೆ ಅಂಕಗಳು ಎಲ್ಲಿಂದ ಹುಟ್ಟುತ್ತವೆ ಎಂಬುದು ಹಾಗೆ ಬರೆದಾಗಲೇ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ.