ಕಾರಿನ ಸ್ವಯಂಚಾಲಿತ ತಂಪು: ಬಳಕೆ ಮತ್ತು ಎಚ್ಚರ

ಯುಗಾದಿ ಕಳೆದೊಡನೆ ಕರೂರು, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಬಿಸಿಲು ಬಲಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳ್ಳಾರಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ಈ ದಿನಗಳಲ್ಲಿಯೇ ಮದುವೆ, ಜಾತ್ರೆ, ಶ್ರೀಮಠದ ದರ್ಶನಗಳಿಗೆಂದು ವೃದ್ಧರನ್ನೂ ಮಕ್ಕಳನ್ನೂ ಕಾರಿನಲ್ಲಿ ಕರೆತರುವ ಸದ್ಭಕ್ತರು ಹಲವರು. ಈಚಿನ ಅನೇಕ ಕಾರುಗಳಲ್ಲಿ ‘ಆಟೋ’ ಎಂಬ ಗುಂಡಿ ಇರುತ್ತದೆ. ಅದರ ಮರ್ಮವನ್ನರಿತು ಬಳಸುವವರು ಕಡಿಮೆ.

ಸಾಮಾನ್ಯ ಎ.ಸಿ.ಯಲ್ಲಿ ತಂಪನ್ನೂ ಗಾಳಿಯ ವೇಗವನ್ನೂ ನಾವೇ ತಿರುಗಿಸಿ ಹೊಂದಿಸಬೇಕು. ಸ್ವಯಂಚಾಲಿತ ವ್ಯವಸ್ಥೆಗೆ ಬೇಕಾದ ಉಷ್ಣಾಂಶವನ್ನು ಸೂಚಿಸಿದರೆ ಸಾಕು. ಒಳಗಿನ ಹಾಗೂ ಹೊರಗಿನ ಶಾಖವನ್ನು, ಕೆಲವು ಕಾರುಗಳಲ್ಲಿ ಬಿಸಿಲಿನ ತೀವ್ರತೆಯನ್ನೂ, ಸಂವೇದಕಗಳು ಅಳೆಯುತ್ತವೆ. ಅದಕ್ಕನುಗುಣವಾಗಿ ಫ್ಯಾನು ತಾನೇ ಏರಿಳಿಯುತ್ತದೆ. 1964ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಈ ಏರ್ಪಾಡು ಈಗ ನಮ್ಮ ಹಳ್ಳಿಗಳಿಗೂ ತಲುಪಿದೆ.

ಹತ್ತಿದೊಡನೆ 16 ಡಿಗ್ರಿಗೆ ಇಳಿಸಿದರೆ ಬೇಗ ತಂಪಾಗುವುದೆಂಬುದು ತಪ್ಪು ಭಾವನೆ. ಒಳಗೆ ಬಹಳ ಕಾವಿದ್ದಾಗ ಯಂತ್ರವು ಹೇಗೂ ಪೂರ್ಣ ಶಕ್ತಿಯಿಂದಲೇ ದುಡಿಯುತ್ತದೆ. ಓಡುತ್ತಿರುವ ಎತ್ತಿಗೆ ಬಾರುಕೋಲು ಬೀಸಿದಂತೆ. 24 ಅಥವಾ 25 ಡಿಗ್ರಿ ಸಾಕು. ಬಿಸಿಲಿನಲ್ಲಿ ನಿಂತಿದ್ದ ಕಾರಾದರೆ ಮೊದಲು ಎಲ್ಲ ಗಾಜುಗಳನ್ನಿಳಿಸಿ ಒಂದೆರಡು ನಿಮಿಷ ಬಿಸಿಗಾಳಿಯನ್ನು ಹೊರಬಿಡಬೇಕು. ಉಬ್ಬಸ, ಹೃದ್ರೋಗಗಳಿರುವ ಹಿರಿಯರು ಜೊತೆಗಿದ್ದರೆ ಇಳಿಯುವ ಐದು ನಿಮಿಷ ಮೊದಲೇ ಉಷ್ಣಾಂಶವನ್ನು ಸ್ವಲ್ಪ ಏರಿಸುವುದು ಕ್ಷೇಮ.

ಭತ್ತದ ಕಟಾವು, ಹುಲ್ಲು ಸುಡುವ ಹೊಗೆ, ರಸ್ತೆಯ ಧೂಳು ಇವುಗಳ ನಡುವೆ ಹೊರಗಾಳಿಯನ್ನು ತಡೆದು ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಒತ್ತುವುದು ಸರಿಯೇ. ಆದರೆ ಅದನ್ನು ಮರೆತು ಗಂಟೆಗಟ್ಟಲೆ ಹೋದರೆ ನಾವೇ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೆ ಹೆಚ್ಚುತ್ತದೆ. ತಲೆ ಭಾರವಾಗಿ ಚಾಲಕನಿಗೆ ಜೋಂಪು ಹತ್ತಬಹುದು. ದಾಸೋಹದ ಗೋದಿಹುಗ್ಗಿಯಿಂದ ನಿದ್ದೆ ಬಂತೆಂದು ದೂರುವವರು ಈ ಗುಂಡಿಯನ್ನೂ ಒಮ್ಮೆ ನೋಡಿಕೊಳ್ಳಲಿ. ಆಗಾಗ ಹೊರಗಾಳಿಗೆ ಅವಕಾಶವಿರಬೇಕು. ಧೂಳಿನ ನಮ್ಮ ಸೀಮೆಯಲ್ಲಿ ಎ.ಸಿ. ಫಿಲ್ಟರನ್ನು ಕೈಪಿಡಿ ಹೇಳುವ ಅವಧಿಗಿಂತ ಮೊದಲೇ ತೆಗೆಸಿ ನೋಡುವುದು ಒಳ್ಳೆಯದು.

ಇನ್ನು ಅತಿ ಮುಖ್ಯವಾದ ಮಾತು. ಮಲಗಿದ ಮಗುವನ್ನು ಎಬ್ಬಿಸುವುದೇಕೆಂದು ಎ.ಸಿ. ಹಾಕಿ, ಬಾಗಿಲು ಮುಚ್ಚಿ ದರ್ಶನಕ್ಕೆ ಹೋಗುವವರುಂಟು. ಎಂಜಿನ್ ನಿಂತುಹೋಗಬಹುದು, ಮಗುವೇ ಏನನ್ನಾದರೂ ಒತ್ತಬಹುದು. ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಶಾಖ ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು; ಗಾಜನ್ನು ಎರಡು ಬೆರಳಷ್ಟು ಇಳಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಮಕ್ಕಳ ದೇಹವಂತೂ ದೊಡ್ಡವರಿಗಿಂತ ಬಹುಬೇಗ ಕಾಯುತ್ತದೆ. ಎಬ್ಬಿಸಿದ ಮಗು ಅತ್ತರೆ ಅಳಲಿ. ಅದನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬಾರದು. ದೊಡ್ಡವರು ಕೂಡ ನಿಂತ ಕಾರಿನಲ್ಲಿ ಎಂಜಿನ್ ಓಡಿಸಿ ಗಾಜು ಮುಚ್ಚಿ ಮಲಗಕೂಡದು. ಹೊಗೆಕೊಳವೆಯ ಇಂಗಾಲದ ಮೊನಾಕ್ಸೈಡ್ ಒಳನುಸುಳಿದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಅಪಾಯವೇ ತಿಳಿಯದು.

ಬಿಸಿಲಿನ ಹೊಡೆತಕ್ಕೆ ಯಾರಾದರೂ ತಡವರಿಸಿ ಮಾತಾಡಿದರೆ ಅಥವಾ ಎಚ್ಚರ ತಪ್ಪಿದರೆ ನೆರಳಿಗೆ ಸಾಗಿಸಿ, ಉಡುಪು ಸಡಿಲಿಸಿ, ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಕೂಡಲೇ 108ಕ್ಕೆ ಕರೆ ಮಾಡಬೇಕು.