ಬಾಟಲಿಯೊಳಗೆ ಸಿಕ್ಕಿಬಿದ್ದ ಕಳ್ಳ

ವೀಕ್ಷಕರೇ, ಇವತ್ತು ಒಂದು ಕಳ್ಳತನದ ಕಥೆ ಹೇಳ್ತೀನಿ. ಈ ಕೇಸಿನಲ್ಲಿ ಸಿಸಿಟಿವಿ ಇರಲಿಲ್ಲ. ಬೆರಳಚ್ಚು ಸಿಗಲಿಲ್ಲ. ದೂರು ಕೊಟ್ಟವರೂ ಯಾರೂ ಇಲ್ಲ. ಯಾಕಂದ್ರೆ ಕಳ್ಳತನ ನಡೀತಾ ಇದೆ ಅಂತ ಯಾರಿಗೂ ಗೊತ್ತೇ ಇರಲಿಲ್ಲ. ಆದರೂ ಕಳ್ಳ ಸಿಕ್ಕಿಬಿದ್ದ. ಸಾಕ್ಷಿ ಹೇಳಿದ್ದು ಗಾಳಿ. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಬಾಟಲಿಗೆ ತುಂಬಿಟ್ಟ ಗಾಳಿ.

ಮೊದಲು ಆ ಬಾಟಲಿ ಏನು ಅಂತ ನೋಡೋಣ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ಇದೆಯಲ್ಲ, ನೋವಾ ಅಂತಾರೆ, ಅದರ ಪ್ರಯೋಗಾಲಯ ಕೊಲೊರಾಡೊ ರಾಜ್ಯದ ಬೌಲ್ಡರ್ ಊರಿನಲ್ಲಿದೆ. ಅಲ್ಲಿಂದ ಜಗತ್ತಿನಾದ್ಯಂತ ಹತ್ತಾರು ಕೇಂದ್ರಗಳಿಗೆ ಖಾಲಿ ಗಾಜಿನ ಬಾಟಲಿಗಳು ಹೋಗುತ್ತವೆ. ಒಂದೊಂದೂ ಎರಡೂವರೆ ಲೀಟರಿನದು. ಹವಾಯಿಯ ಮೌನಾ ಲೋವಾ ಬೆಟ್ಟ, ದಕ್ಷಿಣ ಧ್ರುವ, ಅಲಾಸ್ಕದ ತುದಿಯ ಬ್ಯಾರೋ, ಹಿಂದೂ ಮಹಾಸಾಗರದ ಸೀಶೆಲ್ಸ್, ಸಹಾರಾ ಮರುಭೂಮಿಯ ನಡುವಿನ ಅಸ್ಸೆಕ್ರೆಂ, ಚೀನಾದ ವಾಲಿಗುವಾನ್ ಪರ್ವತ. ಸಾಮಾನ್ಯವಾಗಿ ವಾರಕ್ಕೊಮ್ಮೆ ಅಲ್ಲಿಯವರು ಒಬ್ಬರು ಸೂಟ್‌ಕೇಸಿನಂಥ ಪೆಟ್ಟಿಗೆ ಹೊತ್ತುಕೊಂಡು ಗಾಳಿ ಬರುವ ದಿಕ್ಕಿಗೆ ಕೊಳವೆ ನಿಲ್ಲಿಸಿ, ಬ್ಯಾಟರಿ ಪಂಪ್ ಹಾಕಿ, ಒಂದರ ಹಿಂದೆ ಒಂದು ಜೋಡಿಸಿದ ಎರಡು ಬಾಟಲಿಗೆ ಗಾಳಿ ತುಂಬಿ, ಬಿರಡೆ ತಿರುಗಿಸಿ ವಾಪಸ್ ಕಳಿಸ್ತಾರೆ. ಗಾಳಿ ತುಂಬುವವರ ಉಸಿರು ಸೇರಿದರೂ ಲೆಕ್ಕ ಕೆಟ್ಟಿತು. ನಮ್ಮ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ನೂರು ಪಟ್ಟು ಜಾಸ್ತಿ ಇರುತ್ತೆ.

ಎರಡು ಬಾಟಲಿ ಯಾಕೆ? ಒಂದರ ಮೇಲೊಂದು ಕಾವಲು. ಒಂದೇ ಜಾಗ, ಒಂದೇ ನಿಮಿಷದ ಗಾಳಿ ಅಂದಮೇಲೆ ಎರಡರ ಉತ್ತರವೂ ಒಂದೇ ಇರಬೇಕು. ಕಾರ್ಬನ್ ಡೈಆಕ್ಸೈಡಿನ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಅರ್ಧಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಜೋಡಿಯನ್ನೇ ನಂಬೋದಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಈ ಬಾಟಲಿಗಳ ಫಲಿತಾಂಶ ಎಲ್ಲ ಅಂತರ್ಜಾಲದಲ್ಲಿದೆ. ದುಡ್ಡು ಕೊಡಬೇಕಿಲ್ಲ. ಆರ್‌ಟಿಐ ಅರ್ಜಿ ಹಾಕಿ ಮೂವತ್ತು ದಿನ ಕಾಯಬೇಕಿಲ್ಲ. ಯಾರ ಟೇಬಲ್ ಮುಂದೆಯೂ ನಿಲ್ಲಬೇಕಿಲ್ಲ. ಕೇಂದ್ರ ಯಾವುದು, ಅನಿಲ ಯಾವುದು, ಬಾಟಲಿಯ ಮಾದರಿಯೋ ಅಥವಾ ಅಲ್ಲೇ ಕೂತಿರುವ ಯಂತ್ರದ ಅಳತೆಯೋ, ಇಷ್ಟನ್ನ ಆರಿಸಿದರೆ ಒಂದು ಸಾದಾ ಅಕ್ಷರಗಳ ಫೈಲ್ ಇಳಿಯುತ್ತೆ. ನಾನು ಒಂದು ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ಪೂ ತೆಗೆಯದೆ ಇದನ್ನ ನೋಡ್ತಾ ಕೂತವನು, ಎದ್ದಾಗ ಮಧ್ಯರಾತ್ರಿ ದಾಟಿತ್ತು. ಇಂಜಿನಿಯರಿಂಗ್ ಓದಿದ್ದು ಕೊನೆಗೂ ಕೆಲಸಕ್ಕೆ ಬಂತು ಅಂತ ಅಮ್ಮನಿಗೆ ಹೇಳಬೇಕು.

ಫೈಲ್ ತೆರೆದರೆ ಚಂದದ ಬಣ್ಣ, ಗ್ರಾಫಿಕ್ಸ್ ಏನೂ ಇಲ್ಲ. ಸಾಲು ಸಾಲು ಅಂಕಿ. ಮೂರಕ್ಷರದ ಕೇಂದ್ರದ ಹೆಸರು. ಮೌನಾ ಲೋವಾ ಅಂದರೆ ಎಂಎಲ್‌ಒ, ದಕ್ಷಿಣ ಧ್ರುವ ಅಂದರೆ ಎಸ್‌ಪಿಒ. ಆಮೇಲೆ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ. ನಂತರ ಅಳತೆ. ಅದರ ಪಕ್ಕದಲ್ಲಿ ಮೂರು ಚುಕ್ಕಿ. ಈ ಮೂರು ಚುಕ್ಕಿಯನ್ನ ಹೊಸಬರು ಗಮನಿಸೋದೇ ಇಲ್ಲ, ಆದರೆ ಇಡೀ ಫೈಲಿನ ಮರ್ಯಾದೆ ಇರೋದೇ ಅಲ್ಲಿ. ಮೂರೂ ಚುಕ್ಕಿಯೇ ಆಗಿದ್ದರೆ ಮಾದರಿ ಸರಿಯಾಗಿದೆ ಅಂತ ಅರ್ಥ. ಮೊದಲ ಚುಕ್ಕಿಯ ಜಾಗದಲ್ಲಿ ಅಕ್ಷರ ಬಂದಿದ್ದರೆ ಅಳತೆ ತಿರಸ್ಕೃತ: ಬಾಟಲಿ ಸೋರಿತ್ತೋ, ಜೋಡಿ ಹೊಂದಲಿಲ್ಲವೋ, ಏನೋ ಕೆಟ್ಟಿದೆ. ಎರಡನೆಯ ಜಾಗದಲ್ಲಿ ಅಕ್ಷರ ಬಂದರೆ ಅಳತೆ ಸರಿ, ಆದರೆ ಆ ದಿನ ಹತ್ತಿರದ ಹೊಗೆಯೋ ಮತ್ತೊಂದೋ ಸೇರಿ ಅದು ಆ ಪ್ರದೇಶದ ಸ್ವಚ್ಛ ಗಾಳಿಯನ್ನ ಪ್ರತಿನಿಧಿಸೋದಿಲ್ಲ. ಅಳತೆಯೇ ಸಿಗದಿದ್ದ ಕಡೆ ಮೈನಸ್ 999.99 ಅಂತ ಬರೆದಿರ್ತಾರೆ. ಅದನ್ನ ಗಮನಿಸದೆ ಸರಾಸರಿ ತೆಗೆದರೆ ಭೂಮಿಯ ಮೇಲೆ ಗಾಳಿಯೇ ಇಲ್ಲ ಅಂತ ಬ್ರೇಕಿಂಗ್ ನ್ಯೂಸ್ ಕೊಡಬಹುದು!

ನನಗೆ ಇಷ್ಟವಾಗಿದ್ದು ಏನು ಗೊತ್ತಾ? ಕೆಟ್ಟ ಅಳತೆಯನ್ನೂ ಅವರು ಅಳಿಸೋದಿಲ್ಲ. ಇದು ಕೆಟ್ಟಿದೆ ಅಂತ ಗುರುತು ಹಾಕಿ ಅಲ್ಲೇ ಬಿಡ್ತಾರೆ. ನಾಳೆ ಯಾರಾದರೂ ಬಂದು ಅನುಕೂಲಕ್ಕೆ ತಕ್ಕಂತೆ ಅಂಕಿ ಎತ್ತಿ ಬಿಸಾಕಿದಿರಿ ಅಂತ ಕೇಳಿದರೆ ತೋರಿಸೋದಕ್ಕೆ ಇರಲಿ ಅಂತ.

ಇನ್ನು ಕಳ್ಳನ ಕಥೆ.

ಸಿಎಫ್‌ಸಿ-11 ಅನ್ನೋದು ಒಂದು ಅನಿಲ. ಫ್ರಿಜ್ ಗೋಡೆಯೊಳಗೆ, ಕಟ್ಟಡಗಳ ಶಾಖನಿರೋಧಕದೊಳಗೆ ಇರುತ್ತಲ್ಲ ಫೋಮ್, ಅದನ್ನ ಉಬ್ಬಿಸೋದಕ್ಕೆ ಇದನ್ನೇ ಬಳಸ್ತಿದ್ರು. ಅಗ್ಗ, ಬೆಂಕಿ ಹತ್ತೋದಿಲ್ಲ, ಕೆಲಸ ಚೆನ್ನಾಗಿ ಆಗುತ್ತೆ. ತೊಂದರೆ ಏನಂದ್ರೆ ಇದು ಮೇಲಕ್ಕೆ ಹೋಗಿ ಓಝೋನ್ ಪದರವನ್ನ ತಿನ್ನುತ್ತೆ. ಈ ಜಾತಿಯ ಅನಿಲಗಳ ಅಪಾಯವನ್ನ 1974ರಲ್ಲಿ ಮರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಲೆಕ್ಕ ಹಾಕಿ ಹೇಳಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ಆಯ್ತು. ಆಮೇಲೆ ಹಂತಹಂತವಾಗಿ, 2010ರ ಹೊತ್ತಿಗೆ ಇಡೀ ಜಗತ್ತಿನಲ್ಲಿ ಇದರ ತಯಾರಿಕೆ ನಿಲ್ಲಬೇಕಿತ್ತು. ಕಾಗದದ ಮೇಲೆ ನಿಂತಿತು ಕೂಡ. ಎಲ್ಲ ದೇಶಗಳೂ ಉತ್ಪಾದನೆ ಸೊನ್ನೆ ಅಂತ ವರದಿ ಕೊಟ್ಟವು.

ಗಾಳಿಯಲ್ಲಿ ಇದು ಎಷ್ಟಿತ್ತು? ಒಂದು ಲಕ್ಷ ಕೋಟಿ ಅಣುಗಳಲ್ಲಿ ಸುಮಾರು 230 ಅಣು. ಲಕ್ಷ ಕೋಟಿ ಅನ್ನುವ ಅಂಕಿ ನಮ್ಮ ವೀಕ್ಷಕರಿಗೆ ಹೊಸದೇನಲ್ಲ, ಹಗರಣಗಳ ಸುದ್ದಿ ನೋಡಿ ನೋಡಿ ಅಭ್ಯಾಸ ಆಗಿದೆ. ಅಷ್ಟರಲ್ಲಿ 230 ಅಂದ್ರೆ ಏನೂ ಅಲ್ಲ ಅನ್ನಿಸಬಹುದು. ಆದರೆ ಒಂದು ಸಲ ಬಿಟ್ಟರೆ ಇದು ಗಾಳಿಯಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಉಳಿಯುತ್ತೆ, ಭೂಮಿಯನ್ನ ಬಿಸಿ ಮಾಡೋದರಲ್ಲಿ ಒಂದು ಕೆಜಿಗೆ ಒಂದು ಕೆಜಿ ಹೋಲಿಸಿದರೆ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 5,000 ಪಟ್ಟು ಬಲಶಾಲಿ.

ತಯಾರಿಕೆ ನಿಂತಮೇಲೆ ಗಾಳಿಯಲ್ಲಿ ಇದರ ಪ್ರಮಾಣ ಇಳಿಯುತ್ತಾ ಹೋಗಬೇಕು. ಇಳೀತಾ ಇತ್ತು. 2002ರಿಂದ 2012ರವರೆಗೆ ಮೆಟ್ಟಿಲು ಇಳಿದ ಹಾಗೆ ಒಂದೇ ವೇಗದಲ್ಲಿ ಇಳಿಯಿತು. ಆಮೇಲೆ ಆ ವೇಗ ಅರ್ಧಕ್ಕೆ ಬಂತು. ಇಳಿಯೋದು ನಿಂತಿರಲಿಲ್ಲ, ನಿಧಾನ ಆಗಿತ್ತು ಅಷ್ಟೇ. ಗಮನಿಸದೇ ಇರೋರಿಗೆ ಎಲ್ಲಾ ಸರಿಯಾಗೇ ಕಾಣ್ತಿತ್ತು. ಬೌಲ್ಡರ್‌ನ ವಿಜ್ಞಾನಿ ಸ್ಟೀಫನ್ ಮೊಂಟ್ಜ್‌ಕಾ ಮತ್ತು ಅವರ ತಂಡ ಇದನ್ನ ಗಮನಿಸಿತು.

ಇಲ್ಲಿ ಅವರ ತಾಳ್ಮೆ ನೋಡಿ. ನಮ್ಮ ನ್ಯೂಸ್‌ರೂಮ್ ಆಗಿದ್ದರೆ ಅರ್ಧ ಗಂಟೆಯಲ್ಲಿ ಕೆಂಪು ಪಟ್ಟಿ ಓಡಿಸಿಬಿಡ್ತಿದ್ವಿ. ಅವರು ಮೊದಲು ಕಳ್ಳನಲ್ಲದವರನ್ನೆಲ್ಲ ಪಟ್ಟಿ ಮಾಡಿದರು. ಮೇಲ್ಗಾಳಿಯ ಸಂಚಾರ ಬದಲಾಗಿ ಹೀಗೆ ಕಾಣ್ತಿದೆಯೇ? ಹಳೇ ಕಟ್ಟಡ ಕೆಡವುವಾಗ, ಹಳೇ ಫ್ರಿಜ್ ಒಡೆಯುವಾಗ ಫೋಮಿನೊಳಗಿದ್ದ ಅನಿಲ ಹೊರಬರ್ತಿದೆಯೇ? ಒಂದೊಂದನ್ನೂ ಲೆಕ್ಕ ಹಾಕಿ ನೋಡಿದರು. ಯಾವುದೂ ಪೂರ್ತಿ ಉತ್ತರ ಕೊಡಲಿಲ್ಲ. ಇನ್ನೊಂದು ಸುಳಿವೂ ಬಾಟಲಿಗಳಲ್ಲೇ ಇತ್ತು. ಉತ್ತರ ಗೋಳಾರ್ಧದ ಕೇಂದ್ರಗಳಿಗೂ ದಕ್ಷಿಣದ ಕೇಂದ್ರಗಳಿಗೂ ನಡುವಿನ ವ್ಯತ್ಯಾಸ ಹೆಚ್ಚಾಗಿತ್ತು. ಎರಡು ಗೋಳಾರ್ಧದ ಗಾಳಿ ಬೆರೆಯೋದಕ್ಕೆ ಸುಮಾರು ಒಂದು ವರ್ಷ ಬೇಕು. ಹಾಗಾಗಿ ಉತ್ತರದಲ್ಲಿ ಹೊಸದಾಗಿ ಸುರಿದದ್ದು ಮೊದಲು ಉತ್ತರದಲ್ಲೇ ಕಾಣುತ್ತೆ. ಒಂದು ತೊಟ್ಟಿಯ ಒಂದು ಮೂಲೆಗೆ ಬಣ್ಣ ಹಾಕಿದ ಹಾಗೆ. 2018ರ ಮೇ ತಿಂಗಳಲ್ಲಿ ಅವರ ಲೇಖನ ನೇಚರ್ ಪತ್ರಿಕೆಯಲ್ಲಿ ಬಂತು: 2012ರ ನಂತರ ಸಿಎಫ್‌ಸಿ-11 ಹೊರಬೀಳೋದು ವರ್ಷಕ್ಕೆ ಸುಮಾರು 13 ಸಾವಿರ ಟನ್, ಅಂದರೆ ಶೇ. 25ರಷ್ಟು ಹೆಚ್ಚಾಗಿದೆ; ಯಾರೋ ಎಲ್ಲೋ, ಬಹುಶಃ ಪೂರ್ವ ಏಷ್ಯಾದಲ್ಲಿ, ಹೊಸದಾಗಿ ತಯಾರಿಸ್ತಿದ್ದಾರೆ. ಆ 13 ಸಾವಿರ ಟನ್ನನ್ನ 5,000ದಿಂದ ಗುಣಿಸಿ ನೋಡಿ. ವರ್ಷಕ್ಕೆ ಆರೂವರೆ ಕೋಟಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ.

ಆಮೇಲೆ ಪತ್ರಕರ್ತರು, ಪರಿಸರ ತನಿಖಾ ಸಂಸ್ಥೆಯವರು ಚೀನಾದ ಫೋಮ್ ಕಾರ್ಖಾನೆಗಳ ಬಾಗಿಲು ತಟ್ಟಿದರು. ಬಳಸ್ತಿರೋದು ಹೌದು ಅಂತ ಕಾರ್ಖಾನೆಯವರೇ ಒಪ್ಪಿಕೊಂಡರು. ಕಾರಣ ಸರಳ, ನಿಷೇಧಿತ ಮಾಲು ಅಗ್ಗ. ಆದರೆ ಬಾಯಿಮಾತು ಸಾಕಾಗೋದಿಲ್ಲ. ಕೊರಿಯಾದ ಜೇಜು ದ್ವೀಪದ ಗೋಸಾನ್, ಜಪಾನಿನ ಹಟೆರುಮಾ ದ್ವೀಪ, ಈ ಎರಡು ಕೇಂದ್ರಗಳ ಅಳತೆಯನ್ನ ತೆಗೆದರು. ಗಾಳಿ ಚೀನಾದ ಕಡೆಯಿಂದ ಬೀಸಿದಾಗ ಅಂಕಿ ಜಿಗಿಯುತ್ತೆ. ಕಂಪ್ಯೂಟರಿನಲ್ಲಿ ಆ ಗಾಳಿಯನ್ನ ಹಿಂದಕ್ಕೆ ಓಡಿಸಿದರೆ ಅದು ಎಲ್ಲಿಂದ ಹೊರಟಿತ್ತು ಅಂತ ಗೊತ್ತಾಗುತ್ತೆ. ಮುಖ್ಯವಾಗಿ ಶಾಂಡಾಂಗ್ ಮತ್ತು ಹೆಬೈ ಪ್ರಾಂತ್ಯಗಳು. 2019ರ ಮೇನಲ್ಲಿ ಅದೂ ಪ್ರಕಟವಾಯಿತು. ಚೀನಾ ತಪಾಸಣೆ ಬಿಗಿ ಮಾಡಿತು. 2021ರಲ್ಲಿ ಬಂದ ಲೆಕ್ಕದ ಪ್ರಕಾರ 2019ರ ಹೊತ್ತಿಗೇ ಹೊರಬೀಳುವ ಪ್ರಮಾಣ 2012ಕ್ಕೆ ಮುಂಚಿನ ಮಟ್ಟಕ್ಕೆ ಇಳಿದಿತ್ತು.

ಒಂದು ಮಾತನ್ನ ಮಾತ್ರ ನಾವು ಸರಿಯಾಗಿ ಕೇಳಿಸಿಕೊಳ್ಳಬೇಕು. ಜಗತ್ತಿನಲ್ಲಿ ಹೆಚ್ಚಾದ ಪ್ರಮಾಣದಲ್ಲಿ ಪೂರ್ವ ಚೀನಾದ ಪಾಲು ಕನಿಷ್ಠ ಶೇ. 40ರಿಂದ 60 ಅಂತ ಆ 2019ರ ಲೆಕ್ಕ ಹೇಳಿತು. ಉಳಿದದ್ದು? ಉಳಿದದ್ದರ ಮೇಲೆ ಬೆರಳಿಡೋದಕ್ಕೆ ಬೇರೆ ಕಡೆ ಸಾಕಷ್ಟು ಕೇಂದ್ರಗಳೇ ಇಲ್ಲ. ಸಿಕ್ಕಿಬಿದ್ದವನು ಕ್ಯಾಮೆರಾ ಮುಂದೆ ಹಾದುಹೋದವನು ಮಾತ್ರ.

ಇನ್ನೊಂದು ಸಂಗತಿ. ಬೌಲ್ಡರ್‌ಗೆ ಬಂದ ಬಾಟಲಿಯ ಗಾಳಿಯನ್ನ ಅಳೆದಮೇಲೆ ಬಾಟಲಿ ಖಾಲಿಯಾಗಿ ಮತ್ತೆ ಪ್ರಯಾಣ ಹೊರಡುತ್ತೆ. ಉಳಿಯೋದು ಅಂಕಿ. ಆದರೆ ಆಸ್ಟ್ರೇಲಿಯಾದವರು ಗಾಳಿಯನ್ನೇ ಉಳಿಸಿಕೊಂಡಿದ್ದಾರೆ. ಟ್ಯಾಸ್ಮೇನಿಯಾದ ಕೇಪ್ ಗ್ರಿಮ್‌ನಲ್ಲಿ 1978ರಿಂದ ದಕ್ಷಿಣ ಸಾಗರದ ಗಾಳಿಯನ್ನ ಹಿಡಿದು ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕುಗಳಲ್ಲಿ ತುಂಬಿ ಮೆಲ್ಬರ್ನ್ ಹತ್ತಿರ ಇಟ್ಟಿದ್ದಾರೆ. ನಮ್ಮಜ್ಜಿ ಉಪ್ಪಿನಕಾಯಿ ಭರಣಿ ಮೇಲೆ ವರ್ಷ ಬರೆದಿಡ್ತಿದ್ದ ಹಾಗೆ. ಯಾಕೆ ಬೇಕು ಇದು? 1978ರಲ್ಲಿ ಯಾರೂ ಹುಡುಕದ ಅನಿಲವನ್ನ ಇವತ್ತಿನ ಯಂತ್ರದಿಂದ 1978ರ ಗಾಳಿಯಲ್ಲೇ ಹುಡುಕಬಹುದು. 2014ರಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಯೊಹಾನೆಸ್ ಲಾಬೆ ಮತ್ತು ಸಂಗಡಿಗರು ಈ ಟ್ಯಾಂಕುಗಳ ಗಾಳಿ ಮತ್ತು ಗ್ರೀನ್‌ಲ್ಯಾಂಡಿನ ಹಿಮದೊಳಗಿನ ಗಾಳಿ ನೋಡಿ, ಅಲ್ಲಿಯವರೆಗೆ ಯಾರೂ ವಾತಾವರಣದಲ್ಲಿ ಗುರುತಿಸದ ನಾಲ್ಕು ಓಝೋನ್‌ನಾಶಕ ಅನಿಲಗಳನ್ನ ಪತ್ತೆ ಹಚ್ಚಿದರು. ಅದೂ ಅವು ಯಾವಾಗಿನಿಂದ ಹೆಚ್ಚಾದವು ಅನ್ನೋದರ ಸಮೇತ.

ಇನ್ನು ನಮ್ಮ ಮನೆ ಕಡೆ. ಕಾರವಾರ ದಾಟಿ ಗೋವಾಕ್ಕೆ ಹೋಗುವಾಗ ಕಾಣಕೋಣದ ಕಡಲಂಚಿನಲ್ಲಿ ಕಾಬೊ ದ ರಾಮ ಅನ್ನೋ ಹಳೇ ಕೋಟೆ ಇದೆ. ಪ್ರವಾಸಿಗರು ಅಲ್ಲಿ ಸೂರ್ಯಾಸ್ತದ ಫೋಟೊ ತೆಗೀತಾರೆ. ಅದೇ ಜಾಗದಲ್ಲಿ 1993ರಿಂದ ಗಾಳಿಯನ್ನ ಬಾಟಲಿಗೆ ತುಂಬಿ ಆಸ್ಟ್ರೇಲಿಯಾಕ್ಕೆ ಕಳಿಸ್ತಿದ್ದರು. ಜಾಗದ ಆಯ್ಕೆ ಅದ್ಭುತ. ಮುಂಗಾರಿನಲ್ಲಿ ಗಾಳಿ ಸಮುದ್ರದಿಂದ ಬರುತ್ತೆ, ಸಾವಿರಾರು ಕಿಲೋಮೀಟರ್ ಊರಿಲ್ಲದ ದಾರಿಯಲ್ಲಿ ಬಂದ ಶುದ್ಧ ಗಾಳಿ. ಚಳಿಗಾಲದಲ್ಲಿ ಅದೇ ಜಾಗಕ್ಕೆ ನೆಲದ ಮೇಲಿನ ಗಾಳಿ ಬರುತ್ತೆ, ನಮ್ಮ ಹೊಗೆ, ನಮ್ಮ ಕಾರ್ಖಾನೆ ಎಲ್ಲ ಹೊತ್ತುಕೊಂಡು. ಒಂದೇ ಕೇಂದ್ರ, ಎರಡು ಸಾಕ್ಷಿ. ಆ ಸರಣಿ 2002ರಲ್ಲಿ ಕಡಿಯಿತು. ನಂತರದ ವರ್ಷಗಳ ಗಾಳಿಯನ್ನ ಈಗ ಹೋಗಿ ತುಂಬಿಸಿಕೊಂಡು ಬರೋದಕ್ಕೆ ಆಗುತ್ತಾ?

ಲಡಾಖಿನ ಹಾನ್ಲೆಯಲ್ಲೂ ಇಂಥ ಕೆಲಸ ನಡೆದಿದೆ. ಆ ವೀಕ್ಷಣಾಲಯ ನಮ್ಮ ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದು. ಅಲ್ಲಿನ ದೂರದರ್ಶಕವನ್ನ ಹೊಸಕೋಟೆಯಲ್ಲಿ ಕೂತು ನಡೆಸ್ತಾರೆ. ಹಾನ್ಲೆ, ಪುದುಚೇರಿ, ಪೋರ್ಟ್ ಬ್ಲೇರ್ ಬಾಟಲಿಗಳು ಅಳತೆಗೆ ಹೋಗಿದ್ದು ಫ್ರಾನ್ಸಿಗೆ. ಪುಣೆ ಹತ್ತಿರದ ಸಿಂಹಗಡದಲ್ಲೂ ಒಂದು ಕೇಂದ್ರ ಶುರುವಾಯಿತು. ಇಷ್ಟು ದೊಡ್ಡ ದೇಶಕ್ಕೆ ಬೆರಳೆಣಿಕೆಯಷ್ಟು. ನನ್ನ ಆತಂಕ ಇಷ್ಟೇ: ನಾಳೆ ಯಾವುದೋ ದೇಶ ಅಂತಾರಾಷ್ಟ್ರೀಯ ವೇದಿಕೆಯಲ್ಲಿ ಭಾರತದಿಂದ ಇಂಥ ಅನಿಲ ಇಷ್ಟು ಬರ್ತಿದೆ ಅಂತ ಅಂಕಿ ಮುಂದಿಟ್ಟರೆ, ಅದು ಸರಿ ಅನ್ನೋದಕ್ಕಾಗಲಿ ತಪ್ಪು ಅನ್ನೋದಕ್ಕಾಗಲಿ ನಮ್ಮದೇ ಬಾಟಲಿ ಬೇಕಲ್ಲ? ಭಾಷಣದಿಂದ ಆಗೋ ಕೆಲಸ ಅಲ್ಲ ಇದು.

ಅಮೆರಿಕದವರ ಬಾಟಲಿ ಯಾವತ್ತೂ ಇರುತ್ತೆ ಅಂತ ನಂಬಿ ಕೂರೋ ಹಾಗೂ ಇಲ್ಲ. 2026ರ ಹಣಕಾಸು ವರ್ಷಕ್ಕೆ ಅಲ್ಲಿನ ಸರ್ಕಾರ ಮುಂದಿಟ್ಟ ಬಜೆಟ್ ಪ್ರಸ್ತಾವದಲ್ಲಿ ನೋವಾದ ಸಂಶೋಧನಾ ವಿಭಾಗವನ್ನೇ ಮುಚ್ಚುವ, ಬೌಲ್ಡರ್‌ನ ಪ್ರಯೋಗಾಲಯಕ್ಕೆ ಹಣ ನಿಲ್ಲಿಸುವ ಮಾತಿತ್ತು. ಜ್ವಾಲಾಮುಖಿ ಉಕ್ಕಿದಾಗಲೂ ನಿಲ್ಲದ ಕೆಲಸ ಇದು. 2022ರ ನವೆಂಬರಿನಲ್ಲಿ ಮೌನಾ ಲೋವಾ ಸಿಡಿದು ಕೇಂದ್ರಕ್ಕೆ ಕರೆಂಟು, ರಸ್ತೆ ಎರಡೂ ಹೋದವು. ಅಲ್ಲಿಯವರು ಎದುರಿಗಿರುವ ಮೌನಾಕೇಯ ಬೆಟ್ಟದ ಮೇಲೆ ಉಪಕರಣ ಇಟ್ಟು ಅಳತೆ ಮುಂದುವರಿಸಿದರು.

ಜಪಾನಿನ ಹವಾಮಾನ ಇಲಾಖೆ ನಡೆಸುವ ಹಸಿರುಮನೆ ಅನಿಲಗಳ ವಿಶ್ವ ದತ್ತಾಂಶ ಕೇಂದ್ರ ಅಂತ ಇನ್ನೊಂದಿದೆ, ಅದೂ ಉಚಿತ. ಬೇರೆ ಬೇರೆ ದೇಶಗಳ ಅಳತೆ ಒಂದೇ ಕಡೆ ಸಿಗುತ್ತೆ. ಮನೆಯಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳಿದ್ದರೆ ಕೂರಿಸಿಕೊಂಡು ನೋಡಿ. ಮೊದಲು ಮೌನಾ ಲೋವಾದ ಕಾರ್ಬನ್ ಡೈಆಕ್ಸೈಡ್ ತೆಗೆಯಿರಿ. ಚಾರ್ಲ್ಸ್ ಕೀಲಿಂಗ್ 1958ರ ಮಾರ್ಚಿನಲ್ಲಿ ಅಳತೆ ಶುರು ಮಾಡಿದಾಗ ಹತ್ತು ಲಕ್ಷಕ್ಕೆ 313, 2025ರ ಮೇ ತಿಂಗಳ ಸರಾಸರಿ 430 ದಾಟಿದೆ. ಅದಾದಮೇಲೆ ಭೂಪಟದಲ್ಲಿ ನಮ್ಮ ದೇಶದ ಮೇಲೆ ಕ್ಲಿಕ್ ಮಾಡಿ, ಎಷ್ಟು ಚುಕ್ಕಿ ಇದೆ ಎಣಿಸಿ. ಆ ಮಗು ಇಷ್ಟೇನಾ ಅಂತ ಕೇಳುತ್ತೆ.