ನಿಮಗಿದು ಗೊತ್ತೆ? ಮೂರು ಗ್ರಾಂ ಹಕ್ಕಿ, 800 ಕಿ.ಮೀ. ಸಮುದ್ರ!

ತೂಕ ಸುಮಾರು 3 ಗ್ರಾಂ. ಒಂದು ರೂಪಾಯಿ ನಾಣ್ಯದಷ್ಟು. ಅಷ್ಟೇ ಇರುವ ಹಕ್ಕಿ ಮೆಕ್ಸಿಕೊ ಕೊಲ್ಲಿಯ ಮೇಲೆ ಎಲ್ಲೂ ಇಳಿಯದೆ 800 ಕಿ.ಮೀ. ಹಾರುತ್ತದೆ!

ಇದು ಮಾಣಿಕ್ಯಗೊರಳಿನ ಹಮ್ಮಿಂಗ್‌ಬರ್ಡ್. ಚಳಿಗಾಲ ಕಳೆಯುವುದು ಮಧ್ಯ ಅಮೆರಿಕದಲ್ಲಿ. ವಸಂತ ಬಂತೆಂದರೆ ಅಮೆರಿಕದ ಪೂರ್ವ ಭಾಗಕ್ಕೆ ಪಯಣ. ಹೊರಡುವ ಮುನ್ನ ಮಕರಂದ, ಕೀಟಗಳನ್ನು ತಿಂದು ಮೈತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತದೆ. ಆ ಕೊಬ್ಬೇ ಇಂಧನ. ಸೆಕೆಂಡಿಗೆ 50ರಷ್ಟು ಬಾರಿ ರೆಕ್ಕೆ ಬಡಿಯುತ್ತಾ, ಇವುಗಳಲ್ಲಿ ಹಲವು ಹಕ್ಕಿಗಳು 20 ಗಂಟೆಗಳ ಆಸುಪಾಸಿನಲ್ಲಿ ಆಚೆ ದಡ ಸೇರುತ್ತವೆ. ಸಾಹಸವೆಂದರೆ ಇದು!

ಮೊದಲು ಬರುವುದು ಗಂಡು. ಬಿಸಿಲಿಗೆ ಕೊರಳು ಕೆಂಡದಂತೆ ಹೊಳೆಯುತ್ತದೆ. ನೆರಳಿಗೆ ಹೋದರೆ ಅದೇ ಕೊರಳು ಕಪ್ಪು. ದಣಿದು ಬಂದ ಅತಿಥಿಗೆ ಅಲ್ಲಿನವರು ಹಿತ್ತಲಲ್ಲಿ ಸಕ್ಕರೆ ನೀರು ತೂಗುಹಾಕುತ್ತಾರೆ: ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಜೇನುತುಪ್ಪ, ಬಣ್ಣ ಬೆರೆಸುವಂತಿಲ್ಲ. ಬಟ್ಟಲು ಕೆಂಪಗಿದ್ದರೆ ಸಾಕು, ಹಕ್ಕಿ ಹುಡುಕಿಕೊಂಡು ಬರುತ್ತದೆ. ನೀರು ಕೆಡುವ ಮೊದಲೇ ಬದಲಿಸಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಆ ಕಡೆಯಿರುವ ಮಕ್ಕಳ ಮನೆಗೆ ಹೋಗುವವರು ಹಿತ್ತಲ ಹೂಗಳತ್ತ ಒಮ್ಮೆ ಕಣ್ಣು ಹಾಯಿಸಿ.